ಇಂಗ್ಲಿಷ್ ಕ್ರಿಯಾಪದದ ಮೇಲ್ಹಂತದ ವ್ಯಾಕರಣ: ಟೆನ್ಸ್, ಕಂಡಿಷನಲ್, ಮೋಡಲ್

ಟೆನ್ಸ್, ಕಂಡಿಷನಲ್, ಮೋಡಲ್ ಎಂದು ವ್ಯಾಕರಣ ಪುಸ್ತಕಗಳು ಮೂರು ಬೇರೆ ಅಧ್ಯಾಯಗಳಲ್ಲಿ ಕಲಿಸುವ ಇಂಗ್ಲಿಷ್ ಕ್ರಿಯಾರೂಪಗಳು ಅಸಲಿಗೆ ಒಂದೇ ವ್ಯವಸ್ಥೆಯ ಭಾಗಗಳು. ಕೆಲಸ ಯಾವಾಗ ನಡೆಯಿತು ಎಂಬುದನ್ನಷ್ಟೇ ಅವು ಹೇಳುವುದಿಲ್ಲ. ಅದು ನಡೆದದ್ದು ಖಚಿತವೋ, ಬರಿಯ ಊಹೆಯೋ, ನಡೆಯದೇ ಹೋದದ್ದೋ, ಕೇಳುವವರ ಮುಂದೆ ಅದನ್ನು ನೇರವಾಗಿ ಇಡಬೇಕೋ ತುಸು ಹಿಂಜರಿದು ಇಡಬೇಕೋ ಎಂಬುದನ್ನೂ ಹೇಳುತ್ತವೆ. ಭಾಷಾ ಕಲಿಕೆಗಾಗಿ ಯುರೋಪಿನ ಸಾಮಾನ್ಯ ಚೌಕಟ್ಟು 2001ರಲ್ಲಿ ಪ್ರಕಟವಾದ ಮೇಲೆ ಕಲಿಕೆಯನ್ನು ಎ1ರಿಂದ ಸಿ2ರವರೆಗೆ ಆರು ಮೆಟ್ಟಿಲುಗಳಲ್ಲಿ ಅಳೆಯುವುದು ರೂಢಿಯಾಗಿದೆ. ಇಲ್ಲಿ ಮೇಲ್ಹಂತ ಎಂದರೆ ಬಿ2, ಸಿ1ರ ಆಸುಪಾಸು. ಅಷ್ಟು ಹೊತ್ತಿಗೆ ರೂಪಗಳು ಬಾಯಿಪಾಠವಾಗಿರುತ್ತವೆ. ಗೋ, ವೆಂಟ್, ಗಾನ್ ಹೇಳಲು ಯಾರೂ ತಡವರಿಸುವುದಿಲ್ಲ. ಎರಡೂ ಸರಿಯಾಗಿಯೇ ಇರುವ ವಾಕ್ಯಗಳಲ್ಲಿ ಯಾವುದನ್ನು ಎಲ್ಲಿ ಆರಿಸಬೇಕು ಎಂಬಲ್ಲಿ ತೊಡಕು. ಕನ್ನಡ ಮನೆಮಾತಿನವರಿಗೆ ಈ ತೊಡಕಿನಲ್ಲಿ ಒಂದು ದೊಡ್ಡ ಪಾಲು ಇರಬೇಕಾದ್ದೇ ಇಲ್ಲ, ಏಕೆಂದರೆ ಅದಕ್ಕೆ ಬೇಕಾದ ತರ್ಕ ಕನ್ನಡದ ಕ್ರಿಯಾಪದದಲ್ಲಿ ಆಗಲೇ ಇದೆ. ಕನ್ನಡ ಮತ್ತು ಇಂಗ್ಲಿಷ್ ಗೆರೆಗಳನ್ನು ಬೇರೆ ಬೇರೆ ಕಡೆ ಎಳೆದಿರುವ ಕೆಲವೇ ಜಾಗಗಳು ಮಾತ್ರ ನಿಜವಾಗಿ ಕಷ್ಟದವು. ನಮ್ಮ ತರಗತಿಗಳು ಈ ಎರಡನ್ನೂ ಬೇರ್ಪಡಿಸದೆ ಎಲ್ಲಕ್ಕೂ ಒಂದೇ ಸಮನೆ ಅಭ್ಯಾಸ ಕೊಡುತ್ತವೆ.

ಹನ್ನೆರಡು ರೂಪ, ಎರಡೇ ಕಾಲ

ಶಾಲೆಯ ಕಪ್ಪುಹಲಗೆಯ ಕೋಷ್ಟಕದಲ್ಲಿ ಹನ್ನೆರಡು ಮನೆಗಳಿರುತ್ತವೆ. ಭೂತ, ವರ್ತಮಾನ, ಭವಿಷ್ಯತ್ತುಗಳಿಗೆ ತಲಾ ನಾಲ್ಕು: ಸಿಂಪಲ್, ಕಂಟಿನ್ಯುಯಸ್, ಪರ್ಫೆಕ್ಟ್, ಪರ್ಫೆಕ್ಟ್ ಕಂಟಿನ್ಯುಯಸ್. ಭಾಷಾವಿಜ್ಞಾನಿಗಳು ಈ ಲೆಕ್ಕ ಒಪ್ಪುವುದಿಲ್ಲ. ಇಂಗ್ಲಿಷಿಗೆ ಭವಿಷ್ಯತ್ ಕಾಲವೆಂಬ ಪ್ರತ್ಯೇಕ ರೂಪವಿಲ್ಲ ಎಂದು ಡೆನ್ಮಾರ್ಕಿನ ಓಟೊ ಯೆಸ್ಪರ್ಸನ್ 1924ರ 'ದ ಫಿಲಾಸಫಿ ಆಫ್ ಗ್ರಾಮರ್' ಕೃತಿಯಲ್ಲಿಯೇ ವಾದಿಸಿದ್ದ. ರ‍್ಯಾಂಡಾಲ್ಫ್ ಕ್ವರ್ಕ್ ಮತ್ತು ಸಂಗಡಿಗರ 1985ರ ಬೃಹತ್ ವ್ಯಾಕರಣ, ರಾಡ್ನಿ ಹಡಲ್‌ಸ್ಟನ್ ಮತ್ತು ಜೆಫ್ರಿ ಪುಲಮ್ 2002ರಲ್ಲಿ ಹೊರತಂದ ಕೇಂಬ್ರಿಜ್ ವ್ಯಾಕರಣ ಎರಡೂ ಇದನ್ನೇ ಹೇಳುತ್ತವೆ: ಕ್ರಿಯಾಪದದ ಮೈಮೇಲೆ ಗುರುತು ಬೀಳುವುದು ವರ್ತಮಾನ, ಭೂತ ಎರಡಕ್ಕೇ, 'ವಿಲ್' ಒಂದು ಮೋಡಲ್. ನಾಳೆಯ ಮಾತಿಗೆ ಇಂಗ್ಲಿಷು 'ವಿಲ್', 'ಗೋಯಿಂಗ್ ಟು', ಕಂಟಿನ್ಯುಯಸ್, ಬರಿಯ ವರ್ತಮಾನ ಎಂದು ಹಲವು ದಾರಿ ಹಿಡಿಯುತ್ತದೆ. 'ದ ಟ್ರೈನ್ ಲೀವ್ಸ್ ಅಟ್ ಸಿಕ್ಸ್' ಎನ್ನುವಾಗ ರೈಲು ಇನ್ನೂ ಹೊರಟಿರುವುದಿಲ್ಲ. 'ನಾಳೆ ಬರ್ತೀನಿ', 'ದಿನಾ ಬರ್ತೀನಿ' ಎಂದು ಒಂದೇ ರೂಪದಲ್ಲಿ ಎರಡನ್ನೂ ಸಾಗಿಸುವ ಕನ್ನಡಿಗರಿಗೆ ಇದು ವಿಚಿತ್ರ ಅನ್ನಿಸಬೇಕಿಲ್ಲ.

ಹನ್ನೆರಡು ಮನೆಗಳಿಗೂ ಸಮಾನ ಸಮಯ ಕೊಡುವುದು ಇನ್ನೊಂದು ವ್ಯರ್ಥ. ಡಗ್ಲಸ್ ಬೈಬರ್ ಮತ್ತು ಸಂಗಡಿಗರು ದೊಡ್ಡ ಪಠ್ಯಸಂಗ್ರಹವನ್ನು ಆಧರಿಸಿ 1999ರಲ್ಲಿ ಪ್ರಕಟಿಸಿದ ಲಾಂಗ್‌ಮನ್ ವ್ಯಾಕರಣದ ಪ್ರಕಾರ, ಮಾತಿನಲ್ಲಿರಲಿ ಬರಹದಲ್ಲಿರಲಿ, ಹತ್ತರಲ್ಲಿ ಸುಮಾರು ಒಂಬತ್ತು ಕ್ರಿಯಾಪದಗಳು ಸಿಂಪಲ್ ರೂಪದವು. 'ಫ್ಯೂಚರ್ ಪರ್ಫೆಕ್ಟ್ ಕಂಟಿನ್ಯುಯಸ್' ಪರೀಕ್ಷೆಯ ಹಾಲ್‌ನಲ್ಲಿ ಕಂಡಷ್ಟು ಬೀದಿಯಲ್ಲಿ ಕಾಣುವುದಿಲ್ಲ.

ಹೆಚ್ಚು ಕಾಡುವುದು ಪ್ರೆಸೆಂಟ್ ಪರ್ಫೆಕ್ಟ್. ಹಳೆಯ ಇಂಗ್ಲಿಷಿನಲ್ಲಿ 'ಹ್ಯಾವ್' ಎಂಬ ಒಡೆತನದ ಪದಕ್ಕೆ ಕೃದಂತ ಸೇರಿ, 'ಹಿಡಿದ ಮೀನು ನನ್ನ ಬಳಿ ಇದೆ' ಎಂಬ ಬಗೆಯ ವಾಕ್ಯದಿಂದ ಈ ರೂಪ ಬೆಳೆಯಿತು. ಹೋಗು, ಬರು ಮುಂತಾದ ಚಲನೆಯ ಕ್ರಿಯೆಗಳು ಬಹುಕಾಲ 'ಈಸ್ ಕಮ್', 'ಈಸ್ ಗಾನ್' ಎಂದು 'ಬಿ' ಜೊತೆಗೇ ಇದ್ದವು. ಕನ್ನಡದ 'ಬಂದಿದ್ದೇನೆ', 'ನೋಡಿದ್ದೇನೆ' ಕೂಡ 'ಇರು' ಸೇರಿಯೇ ಆದವು. ಹೀಗಾಗಿ ರೂಪದ ತರ್ಕ ಅಪರಿಚಿತವಲ್ಲ, ಗೆರೆ ಮಾತ್ರ ಬೇರೆ. ಕನ್ನಡದಲ್ಲಿ 'ಅವರನ್ನು ಹೋದ ವರ್ಷ ನೋಡಿದ್ದೇನೆ' ಎಂದರೆ ಯಾರೂ ತಿದ್ದುವುದಿಲ್ಲ. ಇಂಗ್ಲಿಷಿನಲ್ಲಿ ಮುಗಿದ ಕಾಲದ ಹೆಸರು ಬಂದೊಡನೆ 'ಹ್ಯಾವ್' ಹೊರಗೆ ನಿಲ್ಲಬೇಕು: 'ಐ ಸಾ ಹಿಮ್ ಲಾಸ್ಟ್ ಇಯರ್'. ಈ ನಿಯಮವೂ ಎಲ್ಲ ಕಡೆ ಒಂದೇ ಬಿಗಿಯಲ್ಲಿಲ್ಲ. 'ಐ ಹ್ಯಾವ್ ಜಸ್ಟ್ ಈಟನ್' ಎಂದು ಬ್ರಿಟಿಷರು ಹೇಳುವ ಕಡೆ ಅಮೆರಿಕದವರು 'ಐ ಜಸ್ಟ್ ಏಟ್' ಎಂದು ಮುಗಿಸುತ್ತಾರೆ. ಎರಡು ಪಠ್ಯಪುಸ್ತಕಗಳ ಉತ್ತರ ಹೊಂದದಿದ್ದಾಗ ಕಲಿಯುವವರು ತಮ್ಮ ತಪ್ಪೇ ಎಂದುಕೊಳ್ಳಬೇಕಾಗಿಲ್ಲ.

'ಎರಡು ವರ್ಷದಿಂದ ಇಲ್ಲಿ ಕೆಲಸ ಮಾಡುತ್ತಿದ್ದೇನೆ' ಎಂಬುದು 'ಐ ಆಮ್ ವರ್ಕಿಂಗ್ ಹಿಯರ್ ಸಿನ್ಸ್ ಟೂ ಇಯರ್ಸ್' ಎಂದಾಗುವುದು ಬೆಂಗಳೂರಿನ ಸಂದರ್ಶನದ ಕೋಣೆಗಳಲ್ಲಿ ನಿತ್ಯದ ಮಾತು. ಇದರಲ್ಲಿ ಎರಡು ಗೆರೆಗಳು ಒಟ್ಟಿಗೆ ದಾಟಿಹೋಗಿವೆ. ಕನ್ನಡದ 'ಇಂದ' ಶುರುವಾದ ಗಳಿಗೆಗೂ ಕಳೆದ ಅವಧಿಗೂ ಒಂದೇ. ಇಂಗ್ಲಿಷಿನಲ್ಲಿ ಮೊದಲನೆಯದಕ್ಕೆ 'ಸಿನ್ಸ್', ಎರಡನೆಯದಕ್ಕೆ 'ಫಾರ್'. ಕನ್ನಡದಲ್ಲಿ ಇಂದಿಗೂ ನಡೆಯುತ್ತಿರುವ ಕೆಲಸ ವರ್ತಮಾನದಲ್ಲೇ ನಿಲ್ಲುತ್ತದೆ. ಇಂಗ್ಲಿಷಿನಲ್ಲಿ ಅದು ಹಿಂದಿನಿಂದ ಇಲ್ಲಿಯವರೆಗೆ ಚಾಚಬೇಕಾದ್ದರಿಂದ 'ಹ್ಯಾವ್ ಬೀನ್ ವರ್ಕಿಂಗ್' ಆಗುತ್ತದೆ.

ಪಾಸ್ಟ್ ಪರ್ಫೆಕ್ಟಿನ ಕಥೆ ಇನ್ನೂ ಸ್ವಾರಸ್ಯದ್ದು. 'ನಿನ್ನೆ ಬ್ಯಾಂಕಿಗೆ ಹೋಗಿದ್ದೆ' ಎಂದು ನಾವು ಹೇಳುವಾಗ, ಹೋಗಿ ಬಂದಾಯಿತು, ಆ ಸಂಗತಿ ಮುಗಿಯಿತು ಎಂಬ ಭಾವವಿರುತ್ತದೆ. ಅದರ ಹಿಂದೆ ಮುಂದೆ ಇನ್ನೊಂದು ಭೂತಕಾಲದ ಘಟನೆ ಬೇಕಾಗಿಲ್ಲ. ಇದನ್ನೇ 'ಐ ಹ್ಯಾಡ್ ಗಾನ್ ಟು ದ ಬ್ಯಾಂಕ್ ಯೆಸ್ಟರ್‌ಡೇ' ಎಂದರೆ ಇಂಗ್ಲಿಷ್ ಮನೆಮಾತಿನವರು ವಾಕ್ಯ ಇನ್ನೂ ಮುಗಿದಿಲ್ಲವೆಂದು ಕಾಯುತ್ತಾರೆ. ಹೋಗಿದ್ದೆ ಸರಿ, ಆಮೇಲೆ ಏನಾಯಿತು? ಎರಡು ಹಿಂದಿನ ಘಟನೆಗಳಲ್ಲಿ ಹೆಚ್ಚು ಹಿಂದಿನದಕ್ಕೆ ಮಾತ್ರ ಅಲ್ಲಿ 'ಹ್ಯಾಡ್'. ಕನ್ನಡ, ಹಿಂದಿ ಮೊದಲಾದ ಭಾಷೆಗಳ ಒತ್ತಡದಿಂದ ಭಾರತೀಯ ಇಂಗ್ಲಿಷಿನಲ್ಲಿ ಈ 'ಹ್ಯಾಡ್' ಎಷ್ಟು ಬೇರೂರಿದೆಯೆಂದರೆ, ನಮ್ಮೊಳಗಿನ ಮಾತುಕತೆಯಲ್ಲಿ ಅದನ್ನು ತಪ್ಪೆನ್ನುವುದು ಅತಿಯಾದೀತು. ಲಂಡನ್ನಿಗೆ ಹೋಗುವ ಪತ್ರದಲ್ಲಿ ಮಾತ್ರ ಗಮನಿಸಬೇಕು.

ಕಂಟಿನ್ಯುಯಸ್ ಬಗ್ಗೆ ಒಂದು ಐತಿಹಾಸಿಕ ಮಾತು. ಇಂದು ಸಲೀಸಾಗಿ ಬಳಸುವ 'ದ ಹೌಸ್ ಈಸ್ ಬೀಯಿಂಗ್ ಬಿಲ್ಟ್' ಎಂಬ ರಚನೆ ಹದಿನೆಂಟನೆಯ ಶತಮಾನದ ಕೊನೆಗೆ ಕಾಣಿಸಿಕೊಂಡದ್ದು. 'ದ ಹೌಸ್ ಈಸ್ ಬಿಲ್ಡಿಂಗ್' ಎಂದು ಹೇಳಿ ರೂಢಿಯಾಗಿದ್ದ ಪಂಡಿತರು ಮುಂದಿನ ಶತಮಾನದುದ್ದಕ್ಕೂ ಅದನ್ನು ಹಳಿದರು. ಭಾಷೆ ಅವರ ಮಾತು ಕೇಳಲಿಲ್ಲ. 'ಐ ಆಮ್ ನೋಯಿಂಗ್' ಎಂಬುದನ್ನು ಇಂದಿನ ಪುಸ್ತಕಗಳು ಸರಿಯಾಗಿಯೇ ತಿದ್ದುತ್ತವೆ. ಆದರೂ ಸ್ಥಿತಿವಾಚಕ ಕ್ರಿಯೆಗಳ ಪಟ್ಟಿ ಕಲ್ಲಿನ ಮೇಲೆ ಕೆತ್ತಿದ್ದೇನಲ್ಲ. 'ಐ ಆಮ್ ಲವಿಂಗ್ ಇಟ್' ಎಂಬುದು ಜಾಹೀರಾತಿನಲ್ಲಿ ಲೋಕವನ್ನೇ ಸುತ್ತಿ ಬಂದಿದೆ.

ಷರತ್ತು ವಾಕ್ಯಗಳು

ಜೀರೊ, ಫಸ್ಟ್, ಸೆಕೆಂಡ್, ಥರ್ಡ್ ಎಂದು ಕಂಡಿಷನಲ್‌ಗಳಿಗೆ ನಂಬರು ಹಾಕುವುದು ಇಂಗ್ಲಿಷನ್ನು ಪರಭಾಷೆಯಾಗಿ ಕಲಿಸುವವರ ಪದ್ಧತಿ. ನೀರು ಕಾಯಿಸಿದರೆ ಕುದಿಯುತ್ತದೆ, ಜೀರೊ. ಮಳೆ ಬಂದರೆ ಪಂದ್ಯ ನಿಲ್ಲುತ್ತದೆ, ಫಸ್ಟ್. ಈಗ ಇಲ್ಲದ ಸ್ಥಿತಿಯ ಕಲ್ಪನೆ ಸೆಕೆಂಡ್, ಹಿಂದೆ ಆಗದೇ ಹೋದದ್ದು ಥರ್ಡ್. ಕಲಿಕೆಯ ಮೊದಲ ಊರುಗೋಲಾಗಿ ಇದು ಸಾಕು. ಪತ್ರಿಕೆ, ಕಾದಂಬರಿ, ಸಂಭಾಷಣೆಗಳಲ್ಲಿ ಸಿಗುವ 'ಇಫ್' ವಾಕ್ಯಗಳನ್ನು ಎತ್ತಿ ನೋಡಿದರೆ ಬಹಳಷ್ಟು ಈ ನಾಲ್ಕು ಡಬ್ಬಿಗಳಲ್ಲಿ ಕೂರುವುದೇ ಇಲ್ಲ. 'ಇಫ್ ಯೂ ಸಾ ದ ಫಿಲ್ಮ್, ಯೂ ನೋ ದ ಎಂಡಿಂಗ್' ಎಂಬ ಸರಳ ವಾಕ್ಯ ಯಾವ ನಂಬರಿನದು?

ನಂಬರುಗಳನ್ನು ಬದಿಗಿಟ್ಟು ಒಂದು ಸೂತ್ರ ಹಿಡಿದರೆ ದಾರಿ ಸುಲಭ. ಇಂಗ್ಲಿಷಿನ ಭೂತರೂಪ ದೂರವನ್ನು ಸೂಚಿಸುತ್ತದೆ. ಕಾಲದ ದೂರ ಅದರಲ್ಲೊಂದು, ವಾಸ್ತವದಿಂದ ದೂರ ಇನ್ನೊಂದು, ವಿನಯದ ದೂರ ಮತ್ತೊಂದು. 'ಇಫ್ ಐ ಹ್ಯಾಡ್ ಮನಿ' ಎನ್ನುವಲ್ಲಿ 'ಹ್ಯಾಡ್' ನಿನ್ನೆಯದಲ್ಲ, ಇವತ್ತಿನ ಖಾಲಿ ಜೇಬಿನದು. 'ಐ ವಾಂಟೆಡ್ ಟು ಆಸ್ಕ್ ಯೂ ಸಮ್‌ಥಿಂಗ್' ಎನ್ನುವಾಗ ಕೇಳುವ ಆಸೆ ಈಗಲೂ ಇದೆ. ಇದು ಪರದೇಶದ ಒಗಟೇನೂ ಅಲ್ಲ. ತಾಲ್ಲೂಕು ಕಚೇರಿಯಲ್ಲಿ ಅಧಿಕಾರಿಯ ಬಾಗಿಲ ಬಳಿ ನಿಂತವರು 'ಸಾರ್, ಸ್ವಲ್ಪ ಮಾತಾಡಬೇಕಿತ್ತು' ಎನ್ನುತ್ತಾರೆ. ಬೇಕಾಗಿರುವುದು ಈಗ, ರೂಪ ಭೂತದ್ದು. 'ದುಡ್ಡು ಇದ್ದಿದ್ದರೆ ಕೊಡುತ್ತಿದ್ದೆ' ಎನ್ನುವಾಗ 'ಕೊಡುತ್ತಿದ್ದೆ' ಯಾವ ಹಿಂದಿನ ದಿನದ ರೂಢಿಯೂ ಅಲ್ಲ, ಕೊಡದೇ ಇರುವ ಸ್ಥಿತಿ. ಭೂತರೂಪ ಮಾಡುವ ಮೂರು ಕೆಲಸವನ್ನೂ ಕನ್ನಡ ತನ್ನದೇ ರೀತಿಯಲ್ಲಿ ಮಾಡುತ್ತದೆ. ಕನ್ನಡ ಮಾಧ್ಯಮದ ಮಕ್ಕಳಿಗೆ ಸೆಕೆಂಡ್ ಕಂಡಿಷನಲ್ ಕಲಿಸುವಾಗ ಈ ಒಂದು ವಾಕ್ಯದಿಂದ ಶುರುಮಾಡುವ ಪಠ್ಯಪುಸ್ತಕ ಏಕಿಲ್ಲ ಎಂಬುದು ನ್ಯಾಯವಾದ ದೂರು.

ಕನ್ನಡ ಕೈಕೊಡುವ ಜಾಗ ಅದರ ಮುಂದಿನ ಹೆಜ್ಜೆ. 'ಇದ್ದಿದ್ದರೆ ಕೊಡುತ್ತಿದ್ದೆ' ಎಂಬುದು ಈಗಿನ ಮಾತೂ ಆದೀತು, ಹೋದ ವರ್ಷದ ಮಾತೂ ಆದೀತು. ಸಂದರ್ಭ ನೋಡಿ ತಿಳಿಯಬೇಕು. ಇಂಗ್ಲಿಷಿನಲ್ಲಿ ಇವೆರಡಕ್ಕೂ ಕಡ್ಡಾಯವಾಗಿ ಬೇರೆ ರೂಪ. ಈಗಿನದಕ್ಕೆ 'ಇಫ್ ಐ ಹ್ಯಾಡ್ ಮನಿ, ಐ ವುಡ್ ಗಿವ್', ಆಗಿನದಕ್ಕೆ 'ಇಫ್ ಐ ಹ್ಯಾಡ್ ಹ್ಯಾಡ್ ಮನಿ, ಐ ವುಡ್ ಹ್ಯಾವ್ ಗಿವನ್'. ಎರಡು 'ಹ್ಯಾಡ್' ಅಕ್ಕಪಕ್ಕ ಕಂಡು ಅಚ್ಚಿನ ತಪ್ಪೆಂದು ಒಂದನ್ನು ಹೊಡೆದುಹಾಕುವವರಿದ್ದಾರೆ. ಕಾರಣ ಹಿಂದಿನದು, ಪರಿಣಾಮ ಇಂದಿನದು ಎಂಬ ಮಿಶ್ರ ರೂಪದಲ್ಲಿ ಅರ್ಧ ಥರ್ಡ್, ಅರ್ಧ ಸೆಕೆಂಡ್ ಸೇರುತ್ತದೆ: 'ಇಫ್ ಐ ಹ್ಯಾಡ್ ಸ್ಟಡೀಡ್ ಲಾ, ಐ ವುಡ್ ಬಿ ಎ ಜಡ್ಜ್ ನೌ'. ಮೇಲ್ಹಂತದ ಅಭ್ಯಾಸದ ಬಹುಪಾಲು ಸಮಯ ಸಲ್ಲಬೇಕಾದ್ದು ಈ ಒಂದು ಗೆರೆಗೆ.

'ಇಫ್' ಜೊತೆ 'ವಿಲ್' ಬರಲೇಬಾರದು ಎಂಬ ಪಾಠ ಪೂರ್ತಿ ನಿಜವಲ್ಲ. 'ವಿಲ್' ಮನಸ್ಸನ್ನು, ಒಪ್ಪಿಗೆಯನ್ನು ಹೇಳುವಾಗ 'ಇಫ್ ಯೂ ವಿಲ್ ವೇಟ್ ಹಿಯರ್' ಎಂಬುದು ಸೌಜನ್ಯದ ಕೋರಿಕೆ. ಬರಿಯ ಭವಿಷ್ಯ ಹೇಳುವಾಗ ಮಾತ್ರ ನಿಷೇಧ. 'ಇಫ್' ಬಿಟ್ಟು ಪದ ತಿರುಗಿಸುವ 'ಹ್ಯಾಡ್ ಐ ನೋನ್', 'ಶುಡ್ ಯೂ ನೀಡ್', 'ವರ್ ಇಟ್ ನಾಟ್ ಫಾರ್' ಇವು ಬರಹದ ಗಾಂಭೀರ್ಯಕ್ಕೆ ಸೇರಿದವು. ಕೇಂಬ್ರಿಜ್ ಪರೀಕ್ಷೆಗಳು ಇವನ್ನು ಬಲು ಪ್ರೀತಿಯಿಂದ ಕೇಳುತ್ತವೆ.

ಮೋಡಲ್ ಕ್ರಿಯಾಪದಗಳು

ಕ್ಯಾನ್, ಕುಡ್, ಮೇ, ಮೈಟ್, ಶಲ್, ಶುಡ್, ವಿಲ್, ವುಡ್, ಮಸ್ಟ್ ಈ ಒಂಬತ್ತು ಮುಖ್ಯವಾದವು. ಆಟ್ ಟು, ನೀಡ್, ಡೇರ್ ಅಂಚಿನಲ್ಲಿವೆ. 'ಹಿ ಕ್ಯಾನ್ಸ್' ಎಂದು ಯಾರೂ ಹೇಳದಿರಲು ಕಾರಣ ಪುರಾತನವಾದದ್ದು. ಇವುಗಳಲ್ಲಿ ಹೆಚ್ಚಿನವು ಹಳೆಯ ಜರ್ಮಾನಿಕ್ ಭಾಷೆಯಲ್ಲಿ ಭೂತರೂಪವೇ ವರ್ತಮಾನದ ಅರ್ಥ ಪಡೆದ ಒಂದು ಸಣ್ಣ ಗುಂಪಿನ ಕ್ರಿಯೆಗಳು, ಆ ಭೂತರೂಪಕ್ಕೆ 'ಎಸ್' ಹತ್ತುತ್ತಿರಲಿಲ್ಲ. ಕ್ಯಾನ್ ಎಂದರೆ ಆಗ ತಿಳಿದಿರುವುದು, ಶಲ್ ಎಂದರೆ ಸಾಲ ಅಥವಾ ಋಣವಿರುವುದು, ವಿಲ್ ಎಂದರೆ ಬಯಸುವುದು. ಕುಡ್, ಮೈಟ್, ಶುಡ್, ವುಡ್‌ಗಳು ಕ್ಯಾನ್, ಮೇ, ಶಲ್, ವಿಲ್‌ಗಳ ಭೂತರೂಪಗಳು. ಇಲ್ಲಿಯೂ ಅದೇ ದೂರದ ಸೂತ್ರ: 'ಕ್ಯಾನ್ ಯೂ' ಎಂಬುದಕ್ಕಿಂತ 'ಕುಡ್ ಯೂ' ಒಂದು ಹೆಜ್ಜೆ ಹಿಂದೆ ನಿಂತು ಕೇಳುವುದು.

ಒಂದೊಂದು ಮೋಡಲ್‌ಗೂ ಎರಡು ಬದುಕಿದೆ. ಒಂದರಲ್ಲಿ ಅದು ಅಪ್ಪಣೆ, ಕರ್ತವ್ಯ, ಸಾಮರ್ಥ್ಯ ಹೇಳುತ್ತದೆ; ಇನ್ನೊಂದರಲ್ಲಿ ಊಹೆ. 'ಯೂ ಮಸ್ಟ್ ಕಮ್' ಕಟ್ಟಪ್ಪಣೆ, 'ಹಿ ಮಸ್ಟ್ ಬಿ ಟೈರ್ಡ್' ಊಹೆ. ಕನ್ನಡದ 'ಬೇಕು' ಇದನ್ನೇ ಮಾಡುತ್ತದೆ: 'ಬರಬೇಕು' ಕರ್ತವ್ಯ, 'ದಣಿದಿರಬೇಕು' ಊಹೆ. ಮೇಲ್ಹಂತದ ಇಂಗ್ಲಿಷಿನಲ್ಲಿ ಅತಿ ಕಠಿಣವೆಂದು ಹೆಸರಾದ ಪರ್ಫೆಕ್ಟ್ ಮೋಡಲ್‌ಗಳನ್ನು ಪಕ್ಕಪಕ್ಕ ಇಟ್ಟರೆ ಈ ಹೊಂದಿಕೆ ಎದ್ದು ಕಾಣುತ್ತದೆ. ಬಂದಿರಬೇಕು, ಮಸ್ಟ್ ಹ್ಯಾವ್ ಕಮ್. ಬಂದಿರಬಹುದು, ಮೇ ಹ್ಯಾವ್ ಕಮ್. ಬರಬೇಕಿತ್ತು, ಶುಡ್ ಹ್ಯಾವ್ ಕಮ್. ಬರಬಹುದಿತ್ತು, ಕುಡ್ ಹ್ಯಾವ್ ಕಮ್. ಬಂದಿರಲಾರ, ಕಾಂಟ್ ಹ್ಯಾವ್ ಕಮ್. ಕಾಣೆಯಾದ ಪರ್ಸಿನ ಬಗ್ಗೆ ಮನೆಮಂದಿ ನಡೆಸುವ ಹತ್ತು ನಿಮಿಷದ ಪಂಚಾಯ್ತಿಯಲ್ಲಿ ಈ ಐದೂ ರೂಪಗಳು ತಪ್ಪಿಲ್ಲದೆ ಬಂದುಹೋಗುತ್ತವೆ. ಅದೇ ಜನ ಇಂಗ್ಲಿಷ್ ತರಗತಿಯಲ್ಲಿ ಇದನ್ನು ಬೀಜಗಣಿತದಂತೆ ಬಾಯಿಪಾಠ ಮಾಡುತ್ತಾರೆ.

ನಿಷೇಧದಲ್ಲಿ ಇಂಗ್ಲಿಷೇ ಮೋಸಗಾರ. 'ಮಸ್ಟ್' ಮತ್ತು 'ಹ್ಯಾವ್ ಟು' ಸುಮಾರಾಗಿ ಒಂದೇ ಎನ್ನಿಸಿದರೂ 'ಮಸ್ಟ್ ನಾಟ್' ಎಂದರೆ ಬರಬಾರದು, 'ಡೋಂಟ್ ಹ್ಯಾವ್ ಟು' ಎಂದರೆ ಬರಬೇಕಿಲ್ಲ. ಕನ್ನಡ ಇವೆರಡನ್ನು ಎಂದೂ ಬೆರೆಸುವುದಿಲ್ಲ. ಮನಸ್ಸಿನಲ್ಲಿ ಒಮ್ಮೆ ಕನ್ನಡದಲ್ಲಿ ಅಂದುಕೊಂಡರೆ ಉತ್ತರ ಸಿಕ್ಕಂತೆಯೇ. 'ತರಬೇಕಿರಲಿಲ್ಲ' ಎಂಬಲ್ಲಿ ಮಾತ್ರ ಕನ್ನಡ ಸುಮ್ಮನಾಗುತ್ತದೆ. ತಂದುಬಿಟ್ಟಿದ್ದರೆ 'ನೀಡಂಟ್ ಹ್ಯಾವ್ ಬ್ರಾಟ್', ತರುವ ಅಗತ್ಯವೇ ಇರಲಿಲ್ಲ ಎಂದಷ್ಟೇ ಆದರೆ 'ಡಿಡಂಟ್ ನೀಡ್ ಟು ಬ್ರಿಂಗ್'. 'ಕುಡ್' ಕೂಡ ಜಾರುವ ಜಾಗ. ಮೊದಲಿಂದ ಇದ್ದ ಸಾಮರ್ಥ್ಯಕ್ಕೆ ಅದು ಸರಿ, ಒಂದು ಸಲ ಸಾಧಿಸಿದ ಕೆಲಸಕ್ಕೆ 'ವಾಸ್ ಏಬಲ್ ಟು' ಅಥವಾ 'ಮ್ಯಾನೇಜ್ಡ್ ಟು' ಬೇಕು. ಈಜಲು ಬರುತ್ತಿತ್ತು, ಆ ದಿನ ದಡ ಸೇರಲು ಸಾಧ್ಯವಾಯಿತು: 'ಬರುತ್ತಿತ್ತು', 'ಆಯಿತು' ಎಂಬ ನಮ್ಮ ವ್ಯತ್ಯಾಸವೇ ಅಲ್ಲಿಯೂ ಇದೆ.

ಭಾರತದ ಸುತ್ತೋಲೆಗಳಲ್ಲಿ 'ದ ಮೀಟಿಂಗ್ ವುಡ್ ಬಿ ಹೆಲ್ಡ್ ಟುಮಾರೊ' ಎಂದು ಬರೆಯುವ ಚಾಳಿ ವಿನಯದ ದೂರವನ್ನು ಅನಗತ್ಯ ಜಾಗಕ್ಕೆ ತಂದದ್ದರ ಫಲ. ಸಭೆ ನಡೆಯುವುದು ಖಚಿತವಾದರೆ 'ವಿಲ್' ಸಾಕು. 'ವುಡ್' ಕಂಡವರು ಯಾವುದೋ ಷರತ್ತು ಬಾಕಿಯಿದೆ ಎಂದುಕೊಳ್ಳುತ್ತಾರೆ. 'ಶಲ್' ಮತ್ತು 'ವಿಲ್' ಬಗ್ಗೆ ಪುರುಷಕ್ಕೆ ತಕ್ಕಂತೆ ನಿಯಮ ಹಾಕಿದ್ದು ಆಕ್ಸ್‌ಫರ್ಡಿನ ಗಣಿತಜ್ಞ ಜಾನ್ ವಾಲಿಸ್, 1653ರಲ್ಲಿ, ಲ್ಯಾಟಿನಿನಲ್ಲಿ ಬರೆದ ಇಂಗ್ಲಿಷ್ ವ್ಯಾಕರಣದಲ್ಲಿ. ಮೂರು ಶತಮಾನ ಮಕ್ಕಳನ್ನು ಕಾಡಿದ ಆ ನಿಯಮ ಇಂದು ಹೆಚ್ಚುಕಡಿಮೆ ಸತ್ತಿದೆ. ಜೆಫ್ರಿ ಲೀಚ್ 1961ರ ಮತ್ತು 1990ರ ದಶಕದ ಆರಂಭದ ಪಠ್ಯಸಂಗ್ರಹಗಳನ್ನು ಹೋಲಿಸಿದಾಗ ಶಲ್, ಮಸ್ಟ್, ಮೇ, ಆಟ್ ಟು ಬಳಕೆ ಬ್ರಿಟನ್, ಅಮೆರಿಕ ಎರಡರಲ್ಲೂ ಗಣನೀಯವಾಗಿ ಇಳಿದಿತ್ತು.

ಕಾನೂನಿನಲ್ಲಿ ಮಾತ್ರ 'ಶಲ್' ಗಟ್ಟಿಯಾಗಿ ಕೂತಿದೆ. ಭಾರತ ಸಂವಿಧಾನದ 14ನೆಯ ವಿಧಿ ಸಮಾನತೆಯ ಖಾತರಿ ಕೊಡುವುದು ಈ ಪದದಿಂದಲೇ. 'ಮೇ' ಎಂದಿದ್ದರೂ ಸಂದರ್ಭ ನೋಡಿ ಕಡ್ಡಾಯವೆಂದೇ ಓದಬೇಕು ಎಂದು ನ್ಯಾಯಾಲಯಗಳು ಹಲವು ಬಾರಿ ಹೇಳಿವೆ. ಅಮೆರಿಕದ ಫೆಡರಲ್ ಸಿವಿಲ್ ನಡಾವಳಿ ನಿಯಮಗಳನ್ನು 2007ರಲ್ಲಿ ತಿದ್ದಿ ಬರೆದಾಗ ಇಂಥ ಗೊಂದಲ ಬೇಡವೆಂದು 'ಶಲ್' ತೆಗೆದುಹಾಕಿದರು. ಇಂಟರ್‌ನೆಟ್ ಮಾನದಂಡಗಳನ್ನು ಬರೆಯುವವರು ಇನ್ನೂ ಮುಂದೆ ಹೋದರು. 1997ರ ಆರ್‌ಎಫ್‌ಸಿ 2119 ಎಂಬ ಪುಟ್ಟ ದಾಖಲೆ ಮಸ್ಟ್, ಶುಡ್, ಮೇ ಪದಗಳಿಗೆ ಒಪ್ಪಂದದ ಅರ್ಥ ಕಟ್ಟಿಕೊಟ್ಟಿದೆ. ಮಸ್ಟ್ ಎಂದರೆ ಬೇರೆ ದಾರಿಯಿಲ್ಲ. ಶುಡ್ ಎಂದರೆ ಬಿಡಲು ಸಕಾರಣವಿರಬಹುದು, ಪರಿಣಾಮ ಅರಿತು ಬಿಡಬೇಕು. ಮೇ ಎಂದರೆ ನಿಮ್ಮಿಷ್ಟ. ಬೆಂಗಳೂರಿನ ಸಾಫ್ಟ್‌ವೇರ್ ಎಂಜಿನಿಯರುಗಳಲ್ಲಿ ಶಾಲೆಯಲ್ಲಿ ಅರ್ಥವಾಗದ ಮೋಡಲ್ ಈ ದಾಖಲೆಯಿಂದ ತಲೆಗೆ ಹತ್ತಿದವರು ಕಡಿಮೆಯಿರಲಾರರು.

ಅಭ್ಯಾಸದ ಪದ್ಧತಿಗಳು

ರಾಬರ್ಟ್ ಲೌತ್ 1762ರಲ್ಲಿ, ಲಿಂಡ್ಲಿ ಮರ್ರೆ 1795ರಲ್ಲಿ ಬರೆದ ವ್ಯಾಕರಣಗಳು ನಿಯಮ ಹೇಳಿ ಅಭ್ಯಾಸ ಕೊಡುವ ಶಾಲಾಪದ್ಧತಿಗೆ ಅಡಿಪಾಯ ಹಾಕಿದವು. ಮರ್ರೆ 1797ರಲ್ಲಿ ಬೇರೆಯಾಗಿಯೇ ತಂದ ಅಭ್ಯಾಸ ಪುಸ್ತಕದಲ್ಲಿ ಬೇಕೆಂದೇ ತಪ್ಪಾಗಿ ಬರೆದ ವಾಕ್ಯಗಳನ್ನು ಮಕ್ಕಳು ತಿದ್ದಬೇಕಿತ್ತು. ಭಾರತದಲ್ಲಿ ಇದರ ವಾರಸುದಾರ 1935ರ ರೆನ್ ಅಂಡ್ ಮಾರ್ಟಿನ್, ಎನ್.ಡಿ.ವಿ. ಪ್ರಸಾದ ರಾವ್ ಪರಿಷ್ಕರಿಸಿದ ಆವೃತ್ತಿ ಇಂದಿಗೂ ಪುಸ್ತಕದಂಗಡಿಗಳಲ್ಲಿದೆ. ಕೇಂಬ್ರಿಜ್ 1913ರಲ್ಲಿ ಮೊದಲ ಪ್ರೊಫಿಷಿಯನ್ಸಿ ಪರೀಕ್ಷೆ ನಡೆಸಿದಾಗ ಕೂತವರು ಮೂವರು, ಪಾಸಾದವರು ಯಾರೂ ಇಲ್ಲ. ಇಂದಿನ ಆ ಸಾಲಿನ ಪರೀಕ್ಷೆಗಳಲ್ಲಿ ಕೊಟ್ಟ ಪದವನ್ನು ಬದಲಿಸದೆ, ಅರ್ಥ ಕೆಡದಂತೆ ವಾಕ್ಯವನ್ನು ಮತ್ತೆ ಕಟ್ಟುವ ಪ್ರಶ್ನೆ ಇದೆ. ಮೋಡಲ್ ಮತ್ತು ಕಂಡಿಷನಲ್‌ಗಳಿಗೆ ಅದಕ್ಕಿಂತ ಒಳ್ಳೆಯ ಲಿಖಿತ ಅಭ್ಯಾಸ ಸಿಗುವುದು ಕಷ್ಟ. ಎಡಪುಟದಲ್ಲಿ ವಿವರಣೆ, ಬಲಪುಟದಲ್ಲಿ ಅಭ್ಯಾಸ ಎಂಬ ರೇಮಂಡ್ ಮರ್ಫಿಯ 1985ರ 'ಇಂಗ್ಲಿಷ್ ಗ್ರಾಮರ್ ಇನ್ ಯೂಸ್' ಸ್ವಂತವಾಗಿ ಕಲಿಯುವವರ ಕೈಪಿಡಿಯಾಯಿತು; ಮಾರ್ಟಿನ್ ಹ್ಯೂಯಿಂಗ್ಸ್ 1999ರಲ್ಲಿ ಅದರ ಮೇಲ್ಹಂತದ ಪುಸ್ತಕ ಬರೆದರು.

ಈ ಇಡೀ ಪರಂಪರೆಗೆ ಗಂಭೀರ ಪ್ರಶ್ನೆ ಹಾಕಿದ ಪ್ರಯೋಗವೊಂದು ನಡೆದದ್ದು ದಕ್ಷಿಣ ಭಾರತದಲ್ಲಿ. ಬೆಂಗಳೂರಿನ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯ ನಂಟಿನಿಂದ 'ಬ್ಯಾಂಗಲೋರ್ ಪ್ರಾಜೆಕ್ಟ್' ಎಂದೇ ಲೋಕದಲ್ಲಿ ಹೆಸರಾದ ಈ ಯೋಜನೆಯನ್ನು ಎನ್.ಎಸ್. ಪ್ರಭು 1979ರಿಂದ 1984ರವರೆಗೆ ಬೆಂಗಳೂರು, ಮದ್ರಾಸು ಸೇರಿದಂತೆ ಕೆಲವು ಕಡೆಯ ಸಾಮಾನ್ಯ ಶಾಲೆಗಳಲ್ಲಿ ನಡೆಸಿದರು. ಮನಸ್ಸು ಅರ್ಥದ ಮೇಲಿದ್ದಾಗ ವ್ಯಾಕರಣ ಚೆನ್ನಾಗಿ ಒಳಗಿಳಿಯುತ್ತದೆ ಎಂಬುದು ಅವರ ನಂಬಿಕೆ. ನಿಯಮ ಹೇಳುವುದು, ಒಂದೇ ವಾಕ್ಯವನ್ನು ಪದೇ ಪದೇ ಹೇಳಿಸುವುದು ಎರಡೂ ಅಲ್ಲಿರಲಿಲ್ಲ. ರೈಲಿನ ವೇಳಾಪಟ್ಟಿ ಕೊಟ್ಟು, ಇಂಥ ಹೊತ್ತಿಗೆ ತಲುಪಬೇಕಾದರೆ ಯಾವ ರೈಲು ಹಿಡಿಯಬೇಕು ಎಂದು ಕೇಳುವುದು, ನಕಾಶೆ ನೋಡಿ ದಾರಿ ಹುಡುಕಿಸುವುದು ಹೀಗೆ ತರಗತಿ ಸಾಗುತ್ತಿತ್ತು. ಅಂಥ ಪ್ರಶ್ನೆಗೆ 'ಇಫ್' ಬಳಸದೆ ಉತ್ತರಿಸುವುದೇ ಕಷ್ಟ. ಅಲನ್ ಬೆರೆಟ್ಟಾ, ಅಲನ್ ಡೇವಿಸ್ 1985ರಲ್ಲಿ ಪ್ರಕಟಿಸಿದ ಮೌಲ್ಯಮಾಪನ ಪ್ರಭು ಅವರ ನಿಲುವಿಗೆ ಎಚ್ಚರಿಕೆಯ ಬೆಂಬಲ ಕೊಟ್ಟಿತು. 1987ರ 'ಸೆಕೆಂಡ್ ಲ್ಯಾಂಗ್ವೇಜ್ ಪೆಡಗಜಿ' ಪುಸ್ತಕದ ಮೂಲಕ ಈ ವಿಚಾರ ಜಗತ್ತಿನ ಇತರೆಡೆಗೆ ಹೋಗಿ ಟಾಸ್ಕ್ ಆಧಾರಿತ ಬೋಧನೆಗೆ ಬೀಜವಾಯಿತು. ನಮ್ಮ ಪರೀಕ್ಷೆಗಳಲ್ಲಿ ಮಾತ್ರ ಬಿಟ್ಟ ಸ್ಥಳ ತುಂಬುವುದು ನಿಲ್ಲಲಿಲ್ಲ.

ರೂಪ ಆಗಲೇ ಗೊತ್ತಿರುವ ಮೇಲ್ಹಂತದವರಿಗೆ ಎರಡು ಬಗೆಯ ಅಭ್ಯಾಸ ಹೆಚ್ಚು ಫಲ ಕೊಡುತ್ತದೆ. ಒಂದು ಡಿಕ್ಟೊಗ್ಲಾಸ್, ರೂತ್ ವೈನ್‌ರಿಬ್ 1990ರ ಪುಸ್ತಕದಲ್ಲಿ ವಿವರಿಸಿದ್ದು. ಚಿಕ್ಕ ಪಠ್ಯವೊಂದನ್ನು ಸಹಜ ವೇಗದಲ್ಲಿ ಓದುತ್ತಾರೆ, ಕೇಳಿದವರು ಒಂದೆರಡು ಪದ ಗುರುತು ಹಾಕಿಕೊಂಡು, ಆಮೇಲೆ ಗುಂಪಿನಲ್ಲಿ ಕೂತು ಪೂರ್ತಿ ಪಠ್ಯವನ್ನು ಮತ್ತೆ ಕಟ್ಟುತ್ತಾರೆ. ಅಲ್ಲಿ 'ಹ್ಯಾಡ್ ಗಾನ್' ಇತ್ತೋ 'ವೆಂಟ್' ಇತ್ತೋ ಎಂಬ ಜಗಳ ಹುಟ್ಟುತ್ತದೆ, ಆ ಜಗಳವೇ ಪಾಠ. ಇನ್ನೊಂದು ಜೋಡಿ ವಾಕ್ಯಗಳ ಅಭ್ಯಾಸ: 'ಶಿ ಲಿವ್ಡ್ ಹಿಯರ್ ಫಾರ್ ಟೆನ್ ಇಯರ್ಸ್', 'ಶಿ ಹ್ಯಾಸ್ ಲಿವ್ಡ್ ಹಿಯರ್ ಫಾರ್ ಟೆನ್ ಇಯರ್ಸ್'. ಎರಡೂ ಸರಿ. ಆಕೆಯ ಮನೆಗೆ ಈಗ ಹೋದರೆ ಬಾಗಿಲು ತೆಗೆಯುವವರು ಯಾರು ಎಂದು ಕೇಳಿದರೆ ಎರಡಕ್ಕೂ ಉತ್ತರ ಬೇರೆ. ಮೊಬೈಲ್ ಆ್ಯಪ್‌ಗಳು ಬಹುಮಟ್ಟಿಗೆ ಈ ಕೆಲಸಕ್ಕೆ ಸೋಲುತ್ತವೆ. ಒಂದೇ ಉತ್ತರಕ್ಕೆ ಹಸಿರು ಟಿಕ್ ಹಾಕುವ ಅವುಗಳಿಗೆ ಎರಡು ಸರಿ ಉತ್ತರಗಳ ನಡುವಿನ ಅರ್ಥದ ಅಂತರ ಹಿಡಿಯಲು ಜಾಗವಿರುವುದಿಲ್ಲ.